ಮೂಗೇಟಿನ ಮಾತು

ಪೆಟ್ಟಿಗೆ ಕನ್ನಡದಲ್ಲಿ ಹೆಸರುಗಳು ಹಲವು. ಹೊಡೆತ, ಗುದ್ದು, ತಿವಿತ, ಇರಿತ, ಗೀರು, ತರಚು, ಬಾಸುಂಡೆ: ಇವುಗಳಲ್ಲಿ ಒಂದೊಂದು ಮಾತಿಗೂ ತನ್ನದೇ ಆದ ಒಂದು ರೂಪವುಂಟು. ಬಾಸುಂಡೆಯೆಂದೊಡನೆ ಬೆತ್ತದ ಗುರುತು ಕಣ್ಣಿಗೆ ಕಟ್ಟುತ್ತದೆ; ತರಚೆಂದೊಡನೆ ಸುಲಿದ ಮೊಣಕಾಲು ನೆನಪಾಗುತ್ತದೆ. ಇವೆಲ್ಲದರ ನಡುವೆ ಕಣ್ಣಿಗೆ ಯಾವ ಚಿತ್ರವನ್ನೂ ಕೊಡದ ಮಾತೊಂದಿದೆ. ಅದು ಮೂಗೇಟು. ಮೂಗಿನ ಮೇಲೆ ಬಿದ್ದ ಏಟೆಂದು ವಿದ್ಯಾರ್ಥಿಗಳು ಇದಕ್ಕೆ ಅರ್ಥ ಹೇಳುವುದುಂಟು. ಅದು ಹಾಗಲ್ಲ. ಮೂಗನಂತೆ ಮಾತಿಲ್ಲದ ಏಟು. ತೊಗಲು ಹರಿಯದೆ, ನೆತ್ತರು ಹೊರಬೀಳದೆ, ಒಳಗೇ ಉಳಿಯುವ ಏಟು. ಮೂಕಪೆಟ್ಟು, ಒಳಪೆಟ್ಟು ಎಂದೂ ಇದನ್ನು ಆಡುಮಾತಿನಲ್ಲಿ ಕರೆಯುವರು.

ಈ ಮಾತನ್ನು ಕಟ್ಟಿದವರು ಎತ್ತಿನ ಗಾಡಿಯ ಕಾಲದವರು. ತೆಂಗಿನ ಮರದಿಂದ ಬಿದ್ದವನು, ಹೋರಿ ಹಾಯ್ದವನು, ಗಾಡಿಯ ಮೂಕಿ ಎದೆಗೆ ಬಡಿದವನು, ಇಂಥವರನ್ನು ನೋಡಿ ಅವರು ಈ ಹೆಸರನ್ನು ಕೊಟ್ಟಿರಬೇಕು. ಇಂದು ಈ ಮಾತಿನ ದೊಡ್ಡ ಕ್ಷೇತ್ರ ಹೆದ್ದಾರಿ. ೨೦೨೨ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಪ್ರಾಣ ಬಿಟ್ಟರೆಂದು ಕೇಂದ್ರ ಸರ್ಕಾರದ ಲೆಕ್ಕ ಹೇಳುತ್ತದೆ. ಇವರೆಲ್ಲರೂ ರಕ್ತದ ಮಡುವಿನಲ್ಲಿ ಬಿದ್ದಿದ್ದವರೇ ಎಂದು ಭಾವಿಸುವುದು ತಪ್ಪಾದೀತು. ಎದ್ದು ನಿಂತು ಬಟ್ಟೆಯ ಧೂಳನ್ನು ಕೊಡವಿಕೊಂಡು, "ನನಗೇನೂ ಆಗಿಲ್ಲ, ಅವರನ್ನು ನೋಡಿ" ಎಂದು ಹೇಳಿ, ಕೆಲವು ಗಂಟೆಗಳ ಮೇಲೆ ಕಣ್ಣು ಮುಚ್ಚುವವರೂ ಉಂಟು.

ಅಪಘಾತವಾದ ಕಡೆ ಜನ ಕೂಗುವವನತ್ತ ಓಡುತ್ತಾರೆ. ಇದು ಮನುಷ್ಯ ಸಹಜವಾದುದೇ. ಆದರೆ ಕೂಗುವವನಲ್ಲಿ ಕೂಗುವಷ್ಟು ಉಸಿರಾದರೂ ಇದೆ. ರಸ್ತೆಯ ಅಂಚಿನ ಮರದ ಕೆಳಗೆ ಬೆವರಿದ ಮುಖದಿಂದ ಸುಮ್ಮನೆ ಕುಳಿತು, ಯಾರನ್ನೂ ಏನನ್ನೂ ಕೇಳದೆ ಇರುವವನ ಸ್ಥಿತಿ ಅವನಿಗಿಂತ ಕಠಿನವಾಗಿರಬಹುದು. ರಕ್ತ ಸುರಿಯುವ ಗಾಯ ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುತ್ತದೆ. ಮೂಗೇಟಿನ ವಿಷಯವನ್ನು ಮಗ್ಗುಲಲ್ಲಿರುವವರು ಅರಿತು ಹೇಳಬೇಕು. ಈ ಲೇಖನದ ಉದ್ದೇಶ ಇಷ್ಟೇ.

ಮೂರು ಡಿಕ್ಕಿಗಳು

ಒಂದು ಕಾರು ಗೋಡೆಗೆ ಬಡಿದರೆ ಆಗುವುದು ಒಂದೇ ಡಿಕ್ಕಿಯೆಂದು ನಾವು ಎಣಿಸುತ್ತೇವೆ. ವೈದ್ಯರ ಲೆಕ್ಕದಲ್ಲಿ ಅದು ಮೂರು. ಮೊದಲನೆಯದು ಕಾರು ಗೋಡೆಗೆ ಬಡಿಯುವುದು. ಕಾರು ನಿಂತರೂ ಒಳಗಿನ ಮನುಷ್ಯ ಅದೇ ವೇಗದಲ್ಲಿ ಮುಂದೆ ಸಾಗುತ್ತಾನೆ. ಅವನ ಎದೆ ಸ್ಟೀರಿಂಗ್ ಚಕ್ರಕ್ಕೊ, ಹೊಟ್ಟೆ ಪಟ್ಟಿಗೊ, ತಲೆ ಗಾಜಿಗೊ ಬಡಿಯುವುದು ಎರಡನೆಯದು. ಅವನ ಮೈಯೂ ನಿಂತಿತು. ಆದರೆ ಮೈಯೊಳಗಿನ ಅಂಗಗಳು ಇನ್ನೂ ನಿಂತಿಲ್ಲ. ಮಿದುಳು ತಲೆಬುರುಡೆಗೆ, ಯಕೃತ್ತು ಪಕ್ಕೆಲುಬಿಗೆ ಬಂದು ಅಪ್ಪಳಿಸುವುದೇ ಮೂರನೆಯ ಡಿಕ್ಕಿ. ಅಂಗಗಳು ಕೆಲವೆಡೆ ಭದ್ರವಾಗಿ ಕಟ್ಟಿಕೊಂಡಿರುತ್ತವೆ, ಕೆಲವೆಡೆ ಸಡಿಲವಾಗಿ ತೂಗಾಡುತ್ತಿರುತ್ತವೆ. ಕಟ್ಟಿದ ಭಾಗ ನಿಂತು ತೂಗುವ ಭಾಗ ಮುಂದೆ ಹೋದಾಗ ನಡುವಣ ಸಂದಿಯಲ್ಲಿ ಹರಿಯುತ್ತದೆ. ಹೃದಯದಿಂದ ಹೊರಡುವ ಮಹಾಧಮನಿ ಹರಿಯುವುದೂ, ಕರುಳನ್ನು ಹಿಡಿದಿರುವ ಪೊರೆ ಕೀಳುವುದೂ ಸಾಮಾನ್ಯವಾಗಿ ಹೀಗೆಯೇ.

ಇದರ ಬಲವನ್ನು ಊಹಿಸಲು ಒಂದು ಸಣ್ಣ ಗಣಿತ ಸಾಕು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುತ್ತ ಥಟ್ಟನೆ ನಿಲ್ಲುವುದೂ, ಸುಮಾರು ೧೪ ಮೀಟರು ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಕಟ್ಟಡದ ಮಾಳಿಗೆಯಿಂದ, ನೆಲಕ್ಕೆ ಬೀಳುವುದೂ ವೇಗದ ಲೆಕ್ಕದಲ್ಲಿ ಒಂದೇ. ವೇಗ ೮೦ ಆದರೆ ಎತ್ತರ ೨೫ ಮೀಟರಿಗೆ ಏರುತ್ತದೆ. ಕಾರಿನ ಮೂತಿ ನಜ್ಜುಗುಜ್ಜಾಗಿ ಈ ಆಘಾತದ ಒಂದು ಪಾಲನ್ನು ತಾನು ನುಂಗಿಕೊಳ್ಳುವುದರಿಂದ ನಾವು ಬದುಕುತ್ತೇವೆ. ಆದರೂ ಮಾಳಿಗೆಯಿಂದ ಬಿದ್ದವನು ಎದ್ದು ನಡೆದರೆ ಅವನನ್ನು ಆಸ್ಪತ್ರೆಗೆ ಕಳುಹಿಸದೆ ಬಿಡುವವರು ಯಾರು? ಕಾರಿನಿಂದ ಇಳಿದು ನಡೆದವನಿಗೆ ಮಾತ್ರ ನಾವು ಒಂದು ಲೋಟ ಸೋಡ ಕೊಟ್ಟು ಕಳುಹಿಸುತ್ತೇವೆ.

ಧೃತರಾಷ್ಟ್ರಾಲಿಂಗನವೆಂಬ ಮಾತು ನಮ್ಮ ನುಡಿಗಟ್ಟಿನಲ್ಲಿ ಸೇರಿಹೋಗಿದೆ. ಕುರುಡು ದೊರೆ ಭೀಮನನ್ನು ಅಪ್ಪಿಕೊಳ್ಳಬೇಕೆಂದಾಗ ಕೃಷ್ಣನು ಕಬ್ಬಿಣದ ಪ್ರತಿಮೆಯನ್ನು ಮುಂದಿಟ್ಟನೆಂದೂ ಅದು ಪುಡಿಪುಡಿಯಾಯಿತೆಂದೂ ಎಲ್ಲರೂ ಬಲ್ಲರು. ಆದರೆ ವ್ಯಾಸಭಾರತದ ಸ್ತ್ರೀಪರ್ವ ಅಲ್ಲಿಗೇ ನಿಲ್ಲುವುದಿಲ್ಲ. ಕಬ್ಬಿಣವನ್ನು ಅವಚಿದ ದೊರೆಯ ಎದೆಯೂ ಜಜ್ಜಿಹೋಗಿ ಅವನು ಬಾಯಿಂದ ನೆತ್ತರು ಕಾರಿದನೆಂದು ಅದು ಹೇಳುತ್ತದೆ. ಮುರಿದ ಪ್ರತಿಮೆಯನ್ನು ನೆನಪಿಟ್ಟುಕೊಂಡ ನಾವು ಮುರಿದವನ ಎದೆಯನ್ನು ಮರೆತೆವು. ಸ್ಟೀರಿಂಗ್ ಚಕ್ರವನ್ನು ಎದೆಗವಚಿಕೊಳ್ಳುವ ಚಾಲಕನದೂ ಇಂಥದೇ ಆಲಿಂಗನ. ಚಕ್ರ ಬಾಗಿದ್ದರೆ ಎದೆಯ ಸ್ಥಿತಿಯೇನೆಂದು ಕೇಳಬೇಕಾದುದು ನ್ಯಾಯ.

ಲೋಕ ಕಂಡ ಎರಡು ಸಾವುಗಳು

೧೯೯೭ನೆಯ ಆಗಸ್ಟ್ ೩೧ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿ, ಪ್ಯಾರಿಸ್ ನಗರದ ಆಲ್ಮಾ ಸೇತುವೆಯ ಬಳಿಯ ಸುರಂಗದಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರಿದ್ದ ಕಾರು ಕಂಬಕ್ಕೆ ಬಡಿಯಿತು. ಮೊದಲು ಹತ್ತಿರ ಹೋದವರಿಗೆ ಅವರ ಮೈಮೇಲೆ ಪ್ರಾಣಾಪಾಯವನ್ನು ಸೂಚಿಸುವಂಥ ಗಾಯ ಕಾಣಲಿಲ್ಲ. ಅವರಿಗೆ ಜೀವವಿತ್ತು, ಬಾಯಿಂದ ಮಾತೂ ಹೊರಟಿತ್ತು. ಆದರೆ ಶ್ವಾಸಕೋಶದಿಂದ ಹೃದಯಕ್ಕೆ ಶುದ್ಧರಕ್ತವನ್ನು ತರುವ ಸಿರೆಯೊಂದು ಒಳಗೆ ಹರಿದಿತ್ತು. ಅದೇ ಬೆಳಗಿನ ಜಾವ ನಾಲ್ಕು ಗಂಟೆಗೆ, ಆ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ, ಶಸ್ತ್ರವೈದ್ಯರ ಶ್ರಮವೆಲ್ಲ ಮುಗಿದ ಮೇಲೆ, ಅವರು ತೀರಿಕೊಂಡರು. ಅವರು ಸೀಟ್ ಬೆಲ್ಟ್ ಕಟ್ಟಿರಲಿಲ್ಲ.

ಎರಡನೆಯದು ನಮ್ಮ ದೇಶದ್ದು. ೨೦೧೪ನೆಯ ಜೂನ್ ೩ರ ಬೆಳಿಗ್ಗೆ ಕೇಂದ್ರ ಸಚಿವ ಗೋಪಿನಾಥ ಮುಂಡೆಯವರು ದೆಹಲಿಯಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟಿದ್ದರು. ಹಿಂದಿನ ಆಸನದಲ್ಲಿದ್ದರು. ಅಡ್ಡ ಬಂದ ಕಾರೊಂದು ಅವರ ಕಾರಿಗೆ ಬಡಿಯಿತು. ಅವರು ನೀರು ಕೇಳಿದರೆಂದೂ, ಆಸ್ಪತ್ರೆಗೆ ಕರೆದೊಯ್ಯಲು ಹೇಳಿದರೆಂದೂ ಅಂದಿನ ಪತ್ರಿಕೆಗಳು ವರದಿ ಮಾಡಿದವು. ಆಸ್ಪತ್ರೆಗೆ ತಲಪುವ ವೇಳೆಗೆ ನಾಡಿ ನಿಂತಿತ್ತು. ಹೊರಗಿನ ಗಾಯ ಅತ್ಯಲ್ಪ. ಶವಪರೀಕ್ಷೆಯಲ್ಲಿ ಕಂಡುದು ಕತ್ತಿನ ಬೆನ್ನೆಲುಬಿನ ಪೆಟ್ಟು, ಹರಿದ ಯಕೃತ್ತು, ಒಳಗೆ ಸುರಿದ ರಕ್ತ. ಸಚಿವ ಪದವಿಯ ಪ್ರಮಾಣ ವಚನ ಸ್ವೀಕರಿಸಿ ಅವರಿಗೆ ಇನ್ನೂ ಹತ್ತು ದಿನಗಳೂ ತುಂಬಿರಲಿಲ್ಲ.

ಈ ಎರಡರಲ್ಲಿಯೂ ಪೆಟ್ಟು ಬಹಳ ಘೋರವಾದುದು. ಅದನ್ನು ತಡೆಯಲು ವೈದ್ಯರ ಕೈಗೆ ಸಿಕ್ಕಿದ ಸಮಯವೂ ಕಡಮೆ. ಆದರೆ ಎಲ್ಲ ಒಳಪೆಟ್ಟುಗಳೂ ಇಷ್ಟು ಅವಸರದವಲ್ಲ. ಎಷ್ಟೋ ಪೆಟ್ಟುಗಳು ಬೂದಿ ಮುಚ್ಚಿದ ಕೆಂಡದಂತೆ ಗಂಟೆಗಳ ಕಾಲ, ಕೆಲವು ವೇಳೆ ದಿನಗಳ ಕಾಲ, ಅವಕಾಶ ಕೊಡುತ್ತವೆ. ಆ ಅವಕಾಶವನ್ನು ಉಪಯೋಗಿಸಿಕೊಳ್ಳಬೇಕಾದರೆ ಗುರುತುಗಳನ್ನು ಅರಿತಿರಬೇಕು.

ಒಳಗಿನ ಗುರುತುಗಳು

ಹೊಟ್ಟೆಯ ಎಡ ಮೇಲ್ಭಾಗದಲ್ಲಿ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ, ಗುಲ್ಮವೆಂಬ ಅಂಗವಿದೆ. ತೂಕ ಸುಮಾರು ೧೫೦ ಗ್ರಾಂ. ರಕ್ತವನ್ನು ಹೀರಿಕೊಂಡ ಸ್ಪಂಜಿನಂತೆ ಮೆತ್ತಗಿನದು. ಎಡ ಪಕ್ಕೆಗೆ ಬಿದ್ದ ಪೆಟ್ಟಿನಿಂದ ಇದು ಒಡೆಯಬಹುದು. ವಿಚಿತ್ರವೆಂದರೆ, ಆಗ ನೋವು ಹೊಟ್ಟೆಯಲ್ಲಿ ಮಾತ್ರವಲ್ಲದೆ ಎಡಭುಜದ ತುದಿಯಲ್ಲಿಯೂ ಕಾಣಿಸುತ್ತದೆ. ಭುಜಕ್ಕೆ ಪೆಟ್ಟೇ ಬಿದ್ದಿರುವುದಿಲ್ಲ. ತೋಳನ್ನು ಆಡಿಸಿದರೆ ಅದು ಹೆಚ್ಚುವುದೂ ಇಲ್ಲ. ಜರ್ಮನಿಯ ಶಸ್ತ್ರವೈದ್ಯ ಹಾನ್ಸ್ ಕೇರ್ ಅವರ ಹೆಸರಿನಿಂದ ಈ ಗುರುತು ಪ್ರಸಿದ್ಧವಾಗಿದೆ. ಇದರ ಕಾರಣ ಸ್ವಾರಸ್ಯವಾದುದು. ಹೊಟ್ಟೆಗೂ ಎದೆಗೂ ನಡುವೆ ಇರುವ ವಪೆ ಎಂಬ ಪರದೆ, ಗರ್ಭದಲ್ಲಿ ಶಿಶು ಬೆಳೆಯುವಾಗ, ಕತ್ತಿನ ಬಳಿ ಹುಟ್ಟಿ ಕೆಳಗಿಳಿದು ಬಂದುದು. ಇಳಿದು ಬರುವಾಗ ತನ್ನ ನರವನ್ನೂ ಕತ್ತಿನಿಂದಲೇ ಎಳೆದುಕೊಂಡು ಬಂದಿದೆ. ಭುಜದ ತೊಗಲಿನ ನರವೂ ಅದೇ ತಾಣದ್ದು. ಸೋರಿದ ರಕ್ತ ವಪೆಯನ್ನು ಕೆರಳಿಸಿದರೆ ಮಿದುಳು ಅದನ್ನು ಭುಜದ ನೋವೆಂದು ಭ್ರಮಿಸುತ್ತದೆ. ತವರು ಬಿಟ್ಟು ಎಷ್ಟು ದೂರ ಬಂದರೂ ವಪೆ ತನ್ನ ಕಷ್ಟವನ್ನು ತವರಿಗೇ ಹೇಳಿಕೊಳ್ಳುತ್ತದೆ. ಗುಲ್ಮದ ಮೇಲುಪೊರೆ ರಕ್ತವನ್ನು ಕೆಲವು ದಿನ ಹಿಡಿದಿಟ್ಟುಕೊಂಡು ಆಮೇಲೆ ಒಡೆಯುವುದೂ ಉಂಟು. ಆದುದರಿಂದ ಮೊದಲ ದಿನ ಕ್ಷೇಮವಾಗಿ ಕಳೆಯಿತೆಂದು ಪಕ್ಕೆನೋವನ್ನು ಅಲಕ್ಷಿಸಬಾರದು.

ಬಲಗಡೆಯಲ್ಲಿರುವುದು ಯಕೃತ್ತು; ಸುಮಾರು ಒಂದೂವರೆ ಕಿಲೋ ತೂಕ. ಅದು ಹರಿದರೆ ನೋವು ಬಲಭುಜಕ್ಕೆ ಹೋಗಬಹುದು. ಕರುಳಿನ ಪೆಟ್ಟು ಇನ್ನೂ ನಿಧಾನ. ಮೊದಲು ಹೊಟ್ಟೆ ಸುಮ್ಮನಿದ್ದು, ಹಲವು ಗಂಟೆಗಳ ಮೇಲೆ ನೋವು, ವಾಂತಿ, ಜ್ವರ, ಹಲಗೆಯಂತೆ ಬಿಗಿದ ಹೊಟ್ಟೆ ಕಾಣಿಸಿಕೊಳ್ಳುತ್ತವೆ. ಬೆಲ್ಟ್ ಹಾದುಹೋದ ದಾರಿಯಲ್ಲಿ ಎದೆಯ ಮೇಲೊ ಕಿಬ್ಬೊಟ್ಟೆಯ ಮೇಲೊ ಕೆಂಪಗೆ, ನೀಲಿಯಾಗಿ ಪಟ್ಟೆ ಮೂಡಿದ್ದರೆ ಅದನ್ನು ವೈದ್ಯರಿಗೆ ತೋರಿಸಲೇಬೇಕು. ಅದರ ಕೆಳಗೆ ಕರುಳೊ ಬೆನ್ನೆಲುಬೊ ನೊಂದಿರಬಹುದು. ಹಾಗೆಂದು ಬೆಲ್ಟನ್ನು ದೂರಬಾರದು. ವೋಲ್ವೊ ಸಂಸ್ಥೆಯ ನಿಲ್ಸ್ ಬೋಲಿನ್ ೧೯೫೯ರಲ್ಲಿ ರೂಪಿಸಿದ ಮೂರು ಬಿಂದುಗಳ ಆ ಪಟ್ಟಿ ಉಳಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ. ಪಟ್ಟೆ ಮೂಡಿದೆಯೆಂದರೆ ಆಘಾತ ಎಷ್ಟು ದೊಡ್ಡದೆಂದು ಅದು ಸಾಕ್ಷಿ ಹೇಳುತ್ತಿದೆ, ಅಷ್ಟೆ.

ಮೂತ್ರ ಕೆಂಪಾದರೆ ಮೂತ್ರಪಿಂಡವನ್ನೊ ಮೂತ್ರಕೋಶವನ್ನೊ ಶಂಕಿಸಬೇಕು. ಉಸಿರೆಳೆದರೆ ಚುಚ್ಚಿದಂತಾಗುವುದು, ಉಸಿರು ಮೇಲುಮೇಲಕ್ಕೆ ಬರುವುದು, ಕೆಮ್ಮಿನಲ್ಲಿ ರಕ್ತ, ಇವು ಪಕ್ಕೆಲುಬು ಮುರಿದು ಶ್ವಾಸಕೋಶ ನೊಂದುದರ ಗುರುತು. ಮಕ್ಕಳ ಪಕ್ಕೆಲುಬುಗಳು ಬಿದಿರಿನ ಕಡ್ಡಿಯಂತೆ ಬಾಗಬಲ್ಲವಾದುದರಿಂದ ಎಲುಬು ಮುರಿಯದೆಯೇ ಒಳಗಿನ ಅಂಗ ಜಜ್ಜಿರಬಹುದು. ಗರ್ಭಿಣಿಗೆ ಹೊಟ್ಟೆನೋವೇ ಇಲ್ಲದಿದ್ದರೂ ಪರೀಕ್ಷೆ ಅಗತ್ಯ. ಮಾಸು ಗರ್ಭಕೋಶದಿಂದ ಬೇರ್ಪಟ್ಟರೆ ತಾಯಿಯ ಮುಖ ನೋಡಿ ಅದು ತಿಳಿಯದು. ಶಿಶುವಿನ ಹೃದಯದ ಬಡಿತವನ್ನು ಕನಿಷ್ಠ ನಾಲ್ಕು ಗಂಟೆ ಗಮನಿಸಬೇಕಾಗುತ್ತದೆ.

ರನ್ನನ ಗದಾಯುದ್ಧವನ್ನು ಓದಿದ ವಿದ್ಯಾರ್ಥಿಗಳಿಗೆ ಊರುಭಂಗವೆಂದರೆ ಛಲದಂಕಮಲ್ಲನ ಪತನ. ವೈದ್ಯನಿಗೆ ಅದು ರಕ್ತಸ್ರಾವವೂ ಹೌದು. ಒಂದು ತೊಡೆಯೆಲುಬು ಮುರಿದರೆ, ಮೇಲಿನ ಚರ್ಮ ಹರಿಯದಿದ್ದರೂ, ತೊಡೆಯೊಳಗೇ ಒಂದರಿಂದ ಒಂದೂವರೆ ಲೀಟರು ರಕ್ತ ಸೇರಬಲ್ಲುದು. ಸೊಂಟದ ಎಲುಬಿನ ಬಳೆ ಒಡೆದರೆ ಅದಕ್ಕಿಂತಲೂ ಹೆಚ್ಚು. ಎರಡೂ ತೊಡೆ ಮುರಿದು ಬಿದ್ದ ಕೌರವೇಶ್ವರನು ಎಷ್ಟು ಹೊತ್ತು ಮಾತನಾಡಿಕೊಂಡಿದ್ದನೆಂಬುದನ್ನು ನೆನೆದರೆ, ಮಾತನಾಡುತ್ತಿರುವುದೊಂದೇ ಕ್ಷೇಮದ ಲಕ್ಷಣವಲ್ಲವೆಂದು ತಿಳಿಯುತ್ತದೆ.

ತಲೆಯ ಮೂಗೇಟು ಎಲ್ಲಕ್ಕಿಂತ ಮೋಸಗಾರ. ಕಿವಿಗೂ ಕಣ್ಣಿಗೂ ನಡುವಣ ಕಣತಲೆಯ ಎಲುಬು ತೆಳ್ಳಗಿನದು. ಅದರ ಒಳಮೈಯಲ್ಲಿ ಒಂದು ಧಮನಿ ಹಾದುಹೋಗುತ್ತದೆ. ಪೆಟ್ಟಿಗೆ ಸಿಕ್ಕವನು ಒಂದು ಗಳಿಗೆ ಮೈಮರೆತು ಎಚ್ಚರಗೊಳ್ಳುತ್ತಾನೆ. ಮಾತನಾಡುತ್ತಾನೆ, ನಗುತ್ತಾನೆ, ಕಾಫಿ ಕೇಳುತ್ತಾನೆ. ಎಲ್ಲರೂ ದೇವರಿಗೆ ಕೈಮುಗಿಯುತ್ತಾರೆ. ಅಷ್ಟರಲ್ಲಿ ಹರಿದ ಧಮನಿಯ ರಕ್ತ ಬುರುಡೆಗೂ ಮಿದುಳಿಗೂ ನಡುವೆ ತುಂಬುತ್ತಿರುತ್ತದೆ. ಕೆಲವು ಗಂಟೆಗಳಲ್ಲಿ ತಲೆನೋವು ಏರಿ, ವಾಂತಿಯಾಗಿ, ಮಾತು ತೊದಲಿ, ಒಂದು ಕಣ್ಣಿನ ಪಾಪೆ ಅಗಲವಾಗಿ, ಎಬ್ಬಿಸಿದರೆ ಏಳದ ನಿದ್ದೆ ಬರುತ್ತದೆ. ವೃದ್ಧರಲ್ಲಿ ರಕ್ತ ಸಿರೆಗಳಿಂದ ನಿಧಾನವಾಗಿ ಸೋರಿ, ವಾರಗಳ ಮೇಲೆ ಮರೆವಾಗಿಯೊ ನಡಿಗೆಯ ತಡವರಿಕೆಯಾಗಿಯೊ ಕಾಣಿಸಿಕೊಳ್ಳುವುದೂ ಉಂಟು. ಮನೆಯವರು ಅದನ್ನು ಮುಪ್ಪಿನ ಲೆಕ್ಕಕ್ಕೆ ಬರೆಯುತ್ತಾರೆ.

ದೇಹದ ಹುಸಿ ಧೈರ್ಯ

ಇಷ್ಟು ದೊಡ್ಡ ಪೆಟ್ಟು ಬಿದ್ದವನಿಗೆ ಅದೇಕೆ ತಿಳಿಯದು? ಇದಕ್ಕೆ ಎರಡು ಕಾರಣಗಳುಂಟು. ಅಪಾಯದ ಕ್ಷಣದಲ್ಲಿ ದೇಹ ಅಡ್ರಿನಲಿನ್ ಮುಂತಾದ ರಸಗಳನ್ನು ರಕ್ತಕ್ಕೆ ಸುರಿಯುತ್ತದೆ. ನೋವು ಆಗ ಹಿಂದೆ ಸರಿಯುತ್ತದೆ. ಇದು ಒಂದು. ಎರಡನೆಯದು ರಕ್ತದ ಲೆಕ್ಕ. ವಯಸ್ಕನ ಮೈಯಲ್ಲಿ ಸುಮಾರು ಐದು ಲೀಟರು ರಕ್ತವಿದೆ. ಮುಕ್ಕಾಲು ಲೀಟರು ಹೋದರೂ ಹೊರಗೆ ಏನೂ ಕಾಣದಿರಬಹುದು. ಅದು ಒಂದೂವರೆ ಲೀಟರಿನತ್ತ ಸಾಗಿದಂತೆ ನಾಡಿ ನಿಮಿಷಕ್ಕೆ ನೂರನ್ನು ದಾಟುತ್ತದೆ, ಕೈಕಾಲು ತಣ್ಣಗಾಗುತ್ತವೆ, ಬಾಯಾರಿಕೆ ಮತ್ತು ಕಳವಳ ಹುಟ್ಟುತ್ತವೆ. ಆದರೆ ರಕ್ತದ ಒತ್ತಡ ಸರಿಯಾಗಿಯೇ ಇರಬಹುದು. ಅದನ್ನೂ ಮೀರಿದ ಮೇಲೆ ಒತ್ತಡ ಕುಸಿದು ಬುದ್ಧಿ ಮಂಕಾಗುತ್ತದೆ. ಎಂದರೆ ಒತ್ತಡದ ಯಂತ್ರ ಕೊಡುವ ಎಚ್ಚರಿಕೆ ಬಹಳ ತಡವಾಗಿ ಬರತಕ್ಕದ್ದು. ಮನೆ ದಿವಾಳಿಯಾಗುತ್ತಿದ್ದರೂ ಹೊರಗೆ ಹಬ್ಬದ ಊಟವನ್ನು ನಿಲ್ಲಿಸದ ಯಜಮಾನನಂತೆ ದೇಹ ಕೊನೆಯವರೆಗೂ ಮರ್ಯಾದೆ ಕಾಪಾಡಿಕೊಳ್ಳುತ್ತದೆ. ತರುಣರಲ್ಲಿ ಈ ಗುಣ ಇನ್ನೂ ಹೆಚ್ಚು; ಅವರು ಕಡೆಯ ಗಳಿಗೆಯ ತನಕ ಚೆನ್ನಾಗಿದ್ದು ಥಟ್ಟನೆ ಕುಸಿಯುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವ ವೃದ್ಧರಲ್ಲಿ ಸಣ್ಣ ಸೋರಿಕೆಯೂ ನಿಲ್ಲದು. ಹೃದ್ರೋಗದ ಕೆಲವು ಗುಳಿಗೆಗಳು ನಾಡಿಯ ವೇಗವನ್ನೇ ಅಡಗಿಸಿಬಿಡುತ್ತವೆ.

ದೇಹದ ಈ ಹುಸಿ ಧೈರ್ಯಕ್ಕೆ ನಮ್ಮ ಸಂಕೋಚವೂ ಸೇರುತ್ತದೆ. ಮದುವೆಯ ದಿಬ್ಬಣದ ವಾಹನ ಮಗುಚಿಕೊಂಡರೆ, ತನ್ನಿಂದ ಶುಭಕಾರ್ಯ ನಿಲ್ಲಬಾರದೆಂದು ನೋವನ್ನು ನುಂಗುವ ಅತ್ತೆ ಚಿಕ್ಕಮ್ಮಂದಿರು ಎಷ್ಟು ಮಂದಿ! ಖರ್ಚಿನ ಭಯದಿಂದ ಸುಮ್ಮನಿರುವ ತಂದೆ, ಪರೀಕ್ಷೆ ತಪ್ಪೀತೆಂದು ಸುಮ್ಮನಿರುವ ವಿದ್ಯಾರ್ಥಿ, ಕೆಲಸ ಹೋದೀತೆಂದು ಸುಮ್ಮನಿರುವ ಚಾಲಕ, ಇವರೆಲ್ಲರ ಬಾಯಲ್ಲಿಯೂ ಬರುವುದು ಒಂದೇ ಮಾತು: "ಏನೂ ಆಗಿಲ್ಲ." ಈ ಮಾತನ್ನು ಸೌಜನ್ಯವೆಂದು ತಿಳಿಯಬೇಕೇ ಹೊರತು ವೈದ್ಯಕೀಯ ವರದಿಯೆಂದು ತಿಳಿಯಬಾರದು.

ಮಗ್ಗುಲಲ್ಲಿರುವವರ ಕರ್ತವ್ಯ

ಡಿಕ್ಕಿ ಬಲವಾಗಿದ್ದರೆ, ವಾಹನ ಮಗುಚಿದ್ದರೆ, ಒಬ್ಬನು ಹೊರಗೆ ಎಸೆಯಲ್ಪಟ್ಟಿದ್ದರೆ, ಅದೇ ವಾಹನದಲ್ಲಿ ಇನ್ನೊಬ್ಬರು ತೀರಿಕೊಂಡಿದ್ದರೆ, ಉಳಿದವರು ಎಷ್ಟೇ ಸುಖವಾಗಿ ಕಂಡರೂ ಎಲ್ಲರನ್ನೂ ಆಸ್ಪತ್ರೆಗೆ ಕಳುಹಿಸಬೇಕು. ೧೦೮ ಅಥವಾ ೧೧೨ಕ್ಕೆ ಕರೆ ಮಾಡುವುದು ಮೊದಲ ಕೆಲಸ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಪೆಟ್ಟಾದವರನ್ನು ಎಳೆದಾಡಬಾರದು; ಕತ್ತನ್ನು ತಿರುಗಿಸಬಾರದು. ಬಾಯಾರಿದೆಯೆಂದರೂ ನೀರು, ಕಾಫಿ ಕೊಡಬಾರದು. ಅದು ನಿರ್ದಯೆಯಲ್ಲ, ಶಸ್ತ್ರಚಿಕಿತ್ಸೆ ಬೇಕಾಗಬಹುದು, ವಾಂತಿ ಉಸಿರಿನ ದಾರಿಗೆ ನುಗ್ಗಬಹುದು. ನೊಂದ ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕುವ ನಮ್ಮ ಹಳೆಯ ಉಪಚಾರವನ್ನು ಇಲ್ಲಿ ಸರ್ವಥಾ ಮಾಡಬಾರದು. ಅವನೇ ವಾಹನ ನಡೆಸಿಕೊಂಡು ಹೋಗಲು ಬಿಡಬಾರದು. ಬೆಚ್ಚಗೆ ಹೊದಿಸಿ, ಮಲಗಿಸಿ, ಆಗಾಗ ಮಾತನಾಡಿಸುತ್ತಿರಬೇಕು.

ವೈದ್ಯರಿಗೆ ಗಾಯವನ್ನು ತೋರಿಸುವಷ್ಟೇ ಮುಖ್ಯವಾದುದು ಅಪಘಾತದ ಕಥೆಯನ್ನು ಹೇಳುವುದು. ವೇಗವೆಷ್ಟು, ಯಾವ ಮಗ್ಗುಲಿನಿಂದ ಬಡಿಯಿತು, ಯಾವ ಆಸನ, ಬೆಲ್ಟ್ ಇತ್ತೇ, ಚಕ್ರ ಬಾಗಿತ್ತೇ, ನಡುವೆ ಪ್ರಜ್ಞೆ ತಪ್ಪಿತೇ, ಯಾವ ಔಷಧಗಳನ್ನು ತೆಗೆದುಕೊಳ್ಳುತ್ತಾರೆ, ಇಷ್ಟನ್ನು ಕಂಡವರು ಕ್ರಮವಾಗಿ ಹೇಳಿದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ. ಅಲ್ಟ್ರಾಸೌಂಡ್ ಕೆಲವೇ ನಿಮಿಷಗಳಲ್ಲಿ ಹೊಟ್ಟೆಯೊಳಗಿನ ರಕ್ತವನ್ನು ತೋರಿಸಬಲ್ಲುದು. ೧೯೭೧ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗಿಸಿದ ಸಿ.ಟಿ. ಸ್ಕ್ಯಾನ್ ಇಂದು ಜಿಲ್ಲಾಕೇಂದ್ರಗಳಿಗೂ ಬಂದಿದೆ. ಆದರೂ ಬೇಗ ಮಾಡಿದ ಪರೀಕ್ಷೆಯಲ್ಲಿ ನಿಧಾನದ ಪೆಟ್ಟು ಕಾಣದೆ ಹೋಗಬಹುದು. ಒಂದು ರಾತ್ರಿ ಇಲ್ಲೇ ಇರಲಿ ಎಂದು ವೈದ್ಯರು ಹೇಳಿದರೆ ಅದು ಇದೇ ಕಾರಣಕ್ಕೆ. ಬೇಗ ತಿಳಿದುದರ ಲಾಭವೂ ದೊಡ್ಡದು. ಒಡೆದ ಗುಲ್ಮವನ್ನು ಹಿಂದೆ ತೆಗೆದೇ ಹಾಕುತ್ತಿದ್ದರು. ಈಗ ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಎಷ್ಟೋ ವೇಳೆ ಹಾಸಿಗೆಯಲ್ಲಿ ಮಲಗಿಸಿ, ಕಣ್ಣಿಟ್ಟು ಕಾದು, ಕತ್ತಿಯಿಲ್ಲದೆ ಗುಣಪಡಿಸುತ್ತಾರೆ.

ಪೋಲೀಸು, ಸಾಕ್ಷಿ, ಕೋರ್ಟು ಎಂದು ಹಿಂಜರಿಯುವವರಿಗೆ ಒಂದು ಮಾತು. ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯ ೧೩೪ಎ ಪ್ರಕರಣದಂತೆ, ಸದ್ಭಾವದಿಂದ ನೆರವಾದವನು ಗಾಯಾಳುವಿಗೆ ಒದಗಿದ ಹಾನಿಗಾಗಿ ಹೊಣೆಗಾರನಾಗುವುದಿಲ್ಲ. ದೂರ ನಿಂತು ನೋಡುವುದಕ್ಕೆ ಕಾನೂನಿನ ಭಯ ಇನ್ನು ನೆಪವಾಗಲಾರದು.

ಮನೆಗೆ ಬಂದ ಮೇಲೂ ಎರಡು ದಿನ ಒಬ್ಬರ ಕಣ್ಣು ಅವನ ಮೇಲಿರಬೇಕು. ಮುಖ ಬಿಳಿಚಿತೇ, ತಣ್ಣನೆಯ ಬೆವರು ಬಂದಿತೇ, ಎದ್ದು ನಿಂತರೆ ತಲೆ ಸುತ್ತಿತೇ, ಹೊಟ್ಟೆ ಬಿಗಿಯಿತೇ, ಭುಜ ನೊಂದಿತೇ, ತಲೆನೋವು ಏರಿತೇ, ಮಾತು ಅಸಂಬದ್ಧವಾಯಿತೇ ಎಂದು ನೋಡುತ್ತಿರಬೇಕು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯತಕ್ಕದ್ದಲ್ಲ. ಮೂಗನ ಮನೆಯವರು ಅವನ ಕಣ್ಣು ಕೈಗಳನ್ನು ನೋಡಿ ಅವನ ಹಸಿವು ನೋವುಗಳನ್ನು ಅರಿತುಕೊಳ್ಳುತ್ತಾರೆ. ನಮ್ಮ ಹಿರಿಯರು ಈ ಏಟಿಗೆ ಮೂಗನ ಹೆಸರಿಟ್ಟಾಗ, ಅದನ್ನು ಅರಿಯುವ ಉಪಾಯವನ್ನೂ ಆ ಹೆಸರಿನಲ್ಲಿಯೇ ಹೇಳಿಟ್ಟರೆಂದು ತೋರುತ್ತದೆ. "ಏನೂ ಆಗಿಲ್ಲ" ಎಂದವನ ಕೈ ಹಿಡಿದು ನೋಡಿ. ಅದು ತಣ್ಣಗಿದ್ದರೆ, ಅವನ ಮಾತನ್ನು ನಂಬಬೇಡಿ.